ಅರ್ಜಿದಾರಳು ಖುದ್ದು ಹಾಜರು

ಮದುವೆಯಾಗಿ ಉಡುಪಿಯಿಂದ ಡೊಂಬಿವಲಿಗೆ ಬಂದಾಗ ಊರ್ಮಿಳಾಳಿಗೆ ಇಪ್ಪತ್ತೆರಡು ವರ್ಷ. ಗಂಡ ಮುರಾರಿಗೆ ಸ್ಟೇಷನ್ನಿನ ಪೂರ್ವಕ್ಕೆ ಒಂದು ಸಸ್ಯಾಹಾರಿ ಹೊಟೇಲಿತ್ತು. ಅದರ ಅಡುಗೆಮನೆಯನ್ನು ಇಪ್ಪತ್ತೇಳು ವರ್ಷ ನಡೆಸಿದವಳು ಇವಳೇ. ಮುರಾರಿ ಅವಳ ಹೆಸರು ಹಿಡಿದು ಕರೆದದ್ದು ಕಡಿಮೆ. ಕೊನೆಯ ಹತ್ತು ವರ್ಷವಂತೂ ಹೇಳಬೇಕಾದದ್ದನ್ನೆಲ್ಲ ತಮ್ಮ ವಸಂತನ ಬಾಯಲ್ಲಿ ಹೇಳಿಸುತ್ತಿದ್ದ. ಸಿಟ್ಟು ಬಂದರೆ ಮಾತ್ರ ಮಧ್ಯಸ್ಥರು ಬೇಕಾಗುತ್ತಿರಲಿಲ್ಲ. ಒಮ್ಮೆ ಕುದಿಯುವ ಸಾಂಬಾರಿನ ಸೌಟು ಬೀಸಿ ಒಗೆದಿದ್ದ. ಎಡಗೈಯ ಮೇಲೆ ಆ ಸುಟ್ಟ ಕಲೆ ಉಳಿಯಿತು.

ಅದನ್ನೂ ಅವಳು ಸಹಿಸಿದಳು. ಸಹಿಸಲಾಗದೆ ಹೋದದ್ದು ಅಮ್ಮ ತೀರಿಕೊಂಡ ದಿನದ ಸಂಗತಿ. ಕೆಲಸದ ಹೊತ್ತಿನಲ್ಲಿ ಅವಳ ಮೊಬೈಲು ಕೌಂಟರಿನ ಡ್ರಾಯರಿನಲ್ಲೇ ಇರಬೇಕೆಂಬುದು ಮುರಾರಿಯ ನಿಯಮ. ಅಂದು ಭಾನುವಾರ, ಮದುವೆಯ ಆರ್ಡರೂ ಇತ್ತು. ಊಟದ ಗದ್ದಲ ಮುಗಿದು ನಾಲ್ಕು ಗಂಟೆಯಾದ ಮೇಲೆ ವಸಂತ ಬಂದು, ನಿಮ್ಮ ತಾಯಿ ಹೋದರಂತೆ ಅತ್ತಿಗೆ, ಈಗಷ್ಟೇ ಫೋನು ಬಂತು ಎಂದ. ಅವಳು ಊರು ಮುಟ್ಟುವಾಗ ಚಿತೆ ಆರಿತ್ತು. ಬೆಳಿಗ್ಗೆ ಎಂಟೂವರೆಗೇ ಹೊಟೇಲಿಗೆ ಫೋನು ಮಾಡಿದ್ದೆ ಎಂದು ಅಣ್ಣ ಹೇಳಿದಾಗ ಅವಳು ಅಳಲೂ ಇಲ್ಲ. ಉತ್ತರಕ್ರಿಯೆ ಮುಗಿಸಿ ಮುಂಬೈ ಕಡೆ ಬಂದವಳು ಡೊಂಬಿವಲಿಗೆ ಹೋಗದೆ, ಠಾಣೆ ನಗರದ ಮಾಜಿವಾಡಾದಲ್ಲಿ ಬಾಡಿಗೆಗಿದ್ದ ಮಗಳು ದಿಶಾಳ ಮನೆಗೆ ಹೋದಳು.

ಮಹಾಪೆಯ ಐಟಿ ಕಂಪನಿಯಲ್ಲಿ ಕೆಲಸದಲ್ಲಿದ್ದ ದಿಶಾ ಅಮ್ಮನನ್ನು ವಿಚ್ಛೇದನದ ವಿಷಯಕ್ಕೆ ಕಲ್ಯಾಣದ ಒಬ್ಬ ವಕೀಲರ ಬಳಿ ಕರೆದೊಯ್ದಳು. ಅವರು ಅರ್ಧ ಕಥೆ ಕೇಳಿ, ಈ ವಯಸ್ಸಿನಲ್ಲಿ ಯಾಕೆ ಇದೆಲ್ಲ, ಹೊಂದಿಕೊಂಡು ಹೋಗಿ ಎಂದರು. ಊರ್ಮಿಳಾ ಕುರ್ಚಿಯಿಂದ ಎದ್ದಳು. ಠಾಣೆಯ ಕೌಟುಂಬಿಕ ನ್ಯಾಯಾಲಯದಲ್ಲಿ ತನ್ನ ಪ್ರಕರಣ ತಾನೇ ನಡೆಸಬಹುದು ಎಂಬುದನ್ನು ಉಚಿತ ಕಾನೂನು ನೆರವಿನ ಮೇಜಿನಲ್ಲಿ ಕೇಳಿ ತಿಳಿದುಕೊಂಡಳು.

"ಮಮ್ಮಿ, ಅಕೇಲೆ ಕೈಸೆ ಕರೋಗಿ?" ಎಂದಳು ದಿಶಾ, ಒಬ್ಬಳೇ ಹೇಗೆ ಮಾಡುತ್ತಾಳೋ ಎಂಬ ಚಿಂತೆಯಲ್ಲಿ.

"ದಿನಕ್ಕೆ ಆರುನೂರು ಜನರಿಗೆ ಬಡಿಸಿದವಳಿಗೆ ನಾಲ್ಕು ಕಾಗದ ಬಡಿಸಲಿಕ್ಕೆ ಆಗುವುದಿಲ್ಲವಾ?" ಎಂದಳು ಊರ್ಮಿಳಾ.

ಕಾಗದ ನಾಲ್ಕೇ ಇರಲಿಲ್ಲ. ಮೊದಲ ಸಲ ಪುಟಸಂಖ್ಯೆ ಇಲ್ಲವೆಂದು ಅರ್ಜಿ ವಾಪಸು ಬಂತು. ಎರಡನೆಯ ಸಲ, ಮದುವೆಯ ಕರೆಯೋಲೆ ಕನ್ನಡದಲ್ಲಿದೆ, ಅನುವಾದ ಜೊತೆಗಿರಬೇಕು ಎಂದರು. ಆಮೇಲೆ ಜೆರಾಕ್ಸಿನ ಒಂದೊಂದು ಹಾಳೆಯ ಮೇಲೂ ಸಹಿ ಕೇಳಿದರು. ಗುಮಾಸ್ತೆ ಬಿಗುಮುಖದವಳಾದರೂ ಎಲ್ಲಿ ತಪ್ಪಿದೆಯೆಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಡುತ್ತಿದ್ದಳು. ನಾಲ್ಕನೆಯ ಸಲ ಅರ್ಜಿಗೆ ನಂಬರು ಬಿತ್ತು.

ಆದರೆ ಸಮನ್ಸು ಮುರಾರಿಗೆ ಮುಟ್ಟಲಿಲ್ಲ. ಎರಡು ಸಲವೂ ಅದನ್ನು ಕೊಡಲು ಹೋದ ಕೋರ್ಟಿನ ಬೇಲಿಫ್ ಹಾಗೇ ಮರಳಿ ತಂದು, ಮಾಲೀಕರು ಊರಿಗೆ ಹೋಗಿದ್ದಾರೆ ಎಂದು ವರದಿ ಬರೆದರು. ಕೌಂಟರಿನಲ್ಲಿ ಹಾಗೆ ಹೇಳುತ್ತಿದ್ದವನು ವಸಂತ. ಹೀಗೇ ಆದರೆ ವರ್ಷ ಕಳೆಯುತ್ತದೆಂದು ಊರ್ಮಿಳಾಳಿಗೆ ಗೊತ್ತಾಯಿತು. ಬೇಲಿಫ್ ಜೊತೆ ತಾನೇ ಹೋಗಿ ಗಂಡನನ್ನು ತೋರಿಸುತ್ತೇನೆಂದು ಅರ್ಜಿ ಹಾಕಿದಳು. ಒಪ್ಪಿಗೆ ಸಿಕ್ಕಿತು.

ಮುರಾರಿ ಮೂರೂವರೆಗೆ ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಊಟಕ್ಕೆ ಕೂರುತ್ತಿದ್ದ. ಆ ಹೊತ್ತಿಗೆ ಸರಿಯಾಗಿ ಅವಳು ಬೇಲಿಫರನ್ನು ಕರೆದುಕೊಂಡು ಹೋದಳು. ಅಣ್ಣ ಉಡುಪಿಯಲ್ಲಿದ್ದಾನೆ ಎಂದು ವಸಂತ ಶುರು ಮಾಡುವಷ್ಟರಲ್ಲಿ ಕೌಂಟರು ದಾಟಿ ಒಳಗೆ ನಡೆದಿದ್ದಳು. ಮುರಾರಿ ಮೊಸರನ್ನ ಕಲಸುತ್ತಿದ್ದ. ಇವರೇ ನನ್ನ ಗಂಡ ಎಂದು ಅವಳು ಬೇಲಿಫರಿಗೆ ಮರಾಠಿಯಲ್ಲಿ ಹೇಳಿದಳು.

ಎಷ್ಟೋ ದಿನದ ಮೇಲೆ ಮುರಾರಿ ಅವಳೊಡನೆ ನೇರವಾಗಿ ಮಾತಾಡಿದ. "ಒಳಗೆ ಬರಲಿಕ್ಕೆ ನಿನಗೆ ಯಾರು ಹೇಳಿದ್ದು?"

"ಕೋರ್ಟು," ಎಂದಳು.

ಅವನು ಕಾಗದ ಮುಟ್ಟಲಿಲ್ಲ. ಬೇಲಿಫ್ ಇಂಥದನ್ನು ಬೇಕಾದಷ್ಟು ಕಂಡವರು. ತೆಗೆದುಕೊಳ್ಳದಿದ್ದರೆ ಬಾಗಿಲಿಗೆ ಅಂಟಿಸಿ ಹಾಗೆಂದೇ ಬರೆಯುತ್ತೇನೆ, ಇವರನ್ನು ಬಲ್ಲವರೊಬ್ಬರು ಸಾಕ್ಷಿ ಸಹಿ ಹಾಕಬೇಕು ಎಂದರು. ಅಡುಗೆಮನೆಯಲ್ಲಿದ್ದ ಐದಾರು ಜನರೂ ತಲೆ ತಗ್ಗಿಸಿ ನಿಂತರು. ಅವರ ನಡುವಿನಿಂದ ಯಂಕಣ್ಣ ಅಂಗವಸ್ತ್ರಕ್ಕೆ ಕೈ ಒರೆಸಿಕೊಳ್ಳುತ್ತ ಮುಂದೆ ಬಂದ. ರಾಯಚೂರು ಕಡೆಯವನು, ಹದಿನೈದು ವರ್ಷದಿಂದ ಅಲ್ಲಿ ಅಡುಗೆಭಟ್ಟ.

"ನಾ ಹಾಕ್ತೀನ್ರಿ ಸಹಿ," ಎಂದ.

ಹಾಕಿದರೆ ನಾಳೆಯಿಂದ ಬರಬೇಡ ಎಂದ ಮುರಾರಿ. ಯಂಕಣ್ಣ ಕನ್ನಡದಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದ. ಆಮೇಲೆ ಊರ್ಮಿಳಾಳತ್ತ ತಿರುಗಿದ.

"ಅಕ್ಕಾರ, ಆವತ್ತು ಮುಂಜಾನಿ ಫೋನ್ ಎತ್ತಿದಾಂವ ನಾನ. ಎಂಟೂವರಿ ಆಗಿತ್ತು. ಮಾಲಕರು ಬಾಯಿ ಬಿಡಬ್ಯಾಡ ಅಂದ್ರು, ಬಿಡಲಿಲ್ಲ. ನನ್ನ ತಪ್ಪ ಅದು."

ಇದನ್ನು ಜಡ್ಜರ ಮುಂದೆ ಹೇಳುತ್ತೀಯಾ ಎಂದು ಅವಳು ಕೇಳಿದಳು. ಅವನು ಹೇಳುತ್ತೇನೆಂದ.

ಮುಂದಿನ ತಾರೀಖಿಗೆ ಮುರಾರಿ ಬಂದ. ನ್ಯಾಯಾಲಯದ ಅನುಮತಿ ಪಡೆದು ವಕೀಲರನ್ನೂ ಇಟ್ಟುಕೊಂಡಿದ್ದ. ಮದುವೆ ಆದದ್ದು ಉಡುಪಿಯಲ್ಲಿ, ಸಂಸಾರ ಮಾಡಿದ್ದು ಡೊಂಬಿವಲಿಯಲ್ಲಿ, ಠಾಣೆಯಲ್ಲಿ ಈ ಪ್ರಕರಣ ನಡೆಯುವಂತಿಲ್ಲ ಎಂದು ವಕೀಲರು ವಾದಿಸಿದರು. ಊರ್ಮಿಳಾ ಎದ್ದು ನಿಂತಳು. ಮರಾಠಿಯಲ್ಲೇ ಉತ್ತರ ಕೊಟ್ಟಳು. ಅರ್ಜಿ ಹಾಕುವ ದಿನ ಹೆಂಡತಿ ಎಲ್ಲಿ ವಾಸವಿದ್ದಾಳೋ ಅಲ್ಲಿಯೂ ಹಾಕಬಹುದೆಂದು ಕಾಯಿದೆಯಲ್ಲಿದೆ ಎಂದಳು. ಕಲಮಿನ ನಂಬರು ಹೇಳಿ, ಮಾಜಿವಾಡಾದ ಮನೆಯ ಬಾಡಿಗೆ ಕರಾರು ಮುಂದಿಟ್ಟಳು. ವಕೀಲರ ಆಕ್ಷೇಪಣೆ ತಳ್ಳಿಹೋಯಿತು.

ನಂತರ ನ್ಯಾಯಾಲಯದ ಸಮಾಲೋಚಕಿ ಇಬ್ಬರನ್ನೂ ಕೂರಿಸಿ ಮಾತಾಡಿದರು. ಕೂಡಿ ಬಾಳುವುದು ಆಗದ ಮಾತೆಂದು ಸ್ಪಷ್ಟವಾದ ಮೇಲೆ, ಇಬ್ಬರೂ ಒಪ್ಪಿ ಅರ್ಜಿ ಕೊಟ್ಟರೆ ಬೇಗ ಮುಗಿಯುತ್ತದೆ ಎಂದರು. ಮುರಾರಿಯ ವಕೀಲರು ಕರಡು ತಂದರು. ಊರ್ಮಿಳಾ ಅದನ್ನು ದಿಶಾಳೊಡನೆ ಕೂತು ಎರಡು ಸಲ ಓದಿದಳು. ಹೆಂಡತಿ ಸಕಾರಣವಿಲ್ಲದೆ ಸ್ವಇಚ್ಛೆಯಿಂದ ಮನೆ ಬಿಟ್ಟಿದ್ದಾಳೆ ಎಂಬ ಒಂದು ಸಾಲು ಅದರಲ್ಲಿತ್ತು. ಆ ಸಾಲು ತೆಗೆದರೆ ಸಹಿ ಹಾಕುತ್ತೇನೆಂದಳು. ಸಮಾಜದಲ್ಲಿ ನನ್ನ ಮುಖ ಉಳಿಯಬೇಕು, ಅದು ಇರಲೇಬೇಕು ಎಂದ ಮುರಾರಿ. ಒಂದೇ ಸಾಲು ತಾನೇ, ಯಾರು ಓದುತ್ತಾರೆ ಎಂದು ವಕೀಲರೂ ಸೇರಿಸಿದರು. ದಿಶಾ ಕೂಡ ಸುಸ್ತಾಗಿದ್ದಳು. ಛೋಡೋ ನಾ ಮಮ್ಮಿ, ಬಿಟ್ಟುಬಿಡು ಎಂದಳು.

"ನಾನು ಓದುತ್ತೇನಲ್ಲ," ಎಂದಳು ಊರ್ಮಿಳಾ. "ಸಾಕ್ಷಿ ಹೇಳಿಸಿ. ಎಷ್ಟು ತಾರೀಖು ಬೇಕಾದರೂ ಆಗಲಿ."

ಹನ್ನೊಂದು ತಾರೀಖು ಆಯಿತು. ಸುಟ್ಟ ಕೈಗೆ ಔಷಧಿ ಹಾಕಿದ ಆಸ್ಪತ್ರೆಯ ಚೀಟಿ ಕೊಟ್ಟಳು. ಅಷ್ಟರಲ್ಲಿ ಐರೋಲಿಯ ಒಂದು ಕ್ಯಾಂಟೀನಿನಲ್ಲಿ ಕೆಲಸ ಹಿಡಿದಿದ್ದ ಯಂಕಣ್ಣ ರಜೆ ಹಾಕಿ ಬಂದು ಕಂಡದ್ದನ್ನು ಹೇಳಿದ. ಪಾಟೀಸವಾಲಿನಲ್ಲಿ ವಕೀಲರು ಊರ್ಮಿಳಾಳನ್ನು ಕೇಳಿದರು: ಇಪ್ಪತ್ತೇಳು ವರ್ಷ ಸುಮ್ಮನಿದ್ದವರಿಗೆ ಒಮ್ಮೆಲೇ ಕ್ರೌರ್ಯ ಕಂಡದ್ದು ಹೇಗೆ?

ಅವಳು ಜಡ್ಜರ ಕಡೆ ನೋಡಿ ಉತ್ತರ ಕೊಟ್ಟಳು. "ನನ್ನ ಅಮ್ಮ ಸತ್ತು ಮಲಗಿದ್ದಾಗ ನನ್ನ ಕೈಯಲ್ಲಿ ನಾನೂರು ಜನರಿಗೆ ಪಾಯಸ ಮಾಡಿಸಿದರು. ಇವರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಸುಮ್ಮನಿದ್ದದ್ದು ನನ್ನ ತಪ್ಪು. ಆ ತಪ್ಪನ್ನು ಇನ್ನು ಮುಂದುವರಿಸುವುದಿಲ್ಲ."

ಶ್ರಾವಣದ ಒಂದು ಗುರುವಾರ ತೀರ್ಪು ಬಂತು. ಕ್ರೌರ್ಯ ಸಾಬೀತಾಗಿದೆ, ವಿಚ್ಛೇದನ ಮಂಜೂರಾಗಿದೆ ಎಂದು ಜಡ್ಜರು ಓದಿದರು. ಹೊರಗೆ ಜಗಲಿಯಲ್ಲಿ ಮುರಾರಿ ಅವಳ ದಾರಿಗೆ ಅಡ್ಡವಾಗಿ ನಿಂತು, ಹೈಕೋರ್ಟಿಗೆ ಅಪೀಲು ಹಾಕುತ್ತೇನೆ ಎಂದ.

"ಹಾಕಿ," ಎಂದಳು ಊರ್ಮಿಳಾ. "ಸಮನ್ಸು ಕಳಿಸಿ. ನಾನು ಮನೆಯಲ್ಲೇ ಇರುತ್ತೇನೆ, ಮೊದಲನೇ ಸಲಕ್ಕೇ ತೆಗೆದುಕೊಳ್ಳುತ್ತೇನೆ."

ಅವನು ಬದಿಗೆ ಸರಿದ. ಅವಳು ತೀರ್ಪಿನ ದೃಢೀಕೃತ ಪ್ರತಿಗೆ ಅರ್ಜಿ ಕೊಡಲು ಕಿಟಕಿಯ ಮುಂದಿನ ಸಾಲಿನಲ್ಲಿ ನಿಂತಳು. ಮುಂದೆ ಒಂಬತ್ತು ಜನರಿದ್ದರು.