ಸೋದರತ್ತೆ ಕೇಳಿದ ಎಸೆತ

ನನ್ನ ಮನೆಯಲ್ಲಿ ಹೊಲಿಗೆ ಯಂತ್ರದ ಮೇಲಿನ ಗೋಡೆಯ ತುಂಬ ಲಿಸಿಯಾತೆಯ ಚಿನ್ನದ ಪದಕಗಳು ನೇತಾಡುತ್ತವೆ. ಅವನು ನನ್ನ ಅಣ್ಣ ಫಲಕಿಕೊನ ಮಗ. ತೊಂಗಾದಲ್ಲಿ ಅಣ್ಣತಮ್ಮಂದಿರ ಮಕ್ಕಳ ಮೇಲೆ ಸೋದರತ್ತೆಯದೇ ಅಧಿಕಾರ. ಅವಳು ಕೇಳಿದ್ದನ್ನು ಅವರು ಕೊಡಬೇಕು, ಅದು ಹಂದಿಯಾಗಲಿ, ಚಾಪೆಯಾಗಲಿ, ಗೆದ್ದು ತಂದ ಪದಕವಾಗಲಿ. ಆ ವರ್ಷದವರೆಗೆ ಯಾರೂ ನನಗೆ ಕೊಡಲ್ಲ ಎಂದಿರಲಿಲ್ಲ. ಅನ್ನುವ ಧೈರ್ಯ ಯಾರಿಗಿತ್ತು?

ಆ ವರ್ಷ ನುಕುವಾಲೋಫಾದಲ್ಲಿ ರಾಷ್ಟ್ರೀಯ ಚಾಂಪಿಯನ್‌ಶಿಪ್ ನಡೆದಾಗ ಗುಂಡೆಸೆತದ ಬಯಲಿನಲ್ಲಿ ಸುಣ್ಣದ ಗೆರೆಯೊಂದನ್ನು ಎಳೆದಿದ್ದರು. ಹದಿನೇಳು ಮೀಟರಿನ ಗೆರೆ. ಪೆಸಿಫಿಕ್ ಕ್ರೀಡಾಕೂಟಕ್ಕೆ ಗುಂಡೆಸೆತದಿಂದ ಒಬ್ಬನೇ ಹೋಗುವುದು, ಅದೂ ಈ ಗೆರೆ ದಾಟಿ ಗೆದ್ದವನು. ಯಾರೂ ದಾಟದಿದ್ದರೆ ಆ ಜಾಗ ಓಟದವರಿಗೆ ಎಂದು ಆಯ್ಕೆ ಸಮಿತಿಯವರು ಕಡ್ಡಿ ಮುರಿದಂತೆ ಹೇಳಿದ್ದರು.

ಆ ಜಾಗ ನಮ್ಮ ಮನೆತನದ್ದೆಂದು ನಾನು ಯಾವತ್ತೋ ತೀರ್ಮಾನಿಸಿಬಿಟ್ಟಿದ್ದೆ. ಕಣದಲ್ಲಿ ಲಿಸಿಯಾತೆಯಿದ್ದ, ನನ್ನ ತಮ್ಮನ ಮಗ ಸೊಸಾಯಾ ಇದ್ದ. ಬೇರೆಯವರೂ ಇದ್ದರು, ಪಾಪ, ಇದ್ದರು ಅಷ್ಟೆ.

ಅಣ್ಣ ಮೈದಾನದ ಆ ತುದಿಯಲ್ಲಿ ಕೂತಿದ್ದ. ಬೆಳೆದ ಅಣ್ಣತಂಗಿಯರು ನಮ್ಮಲ್ಲಿ ಒಟ್ಟಿಗೆ ಕೂರುವಂತಿಲ್ಲ, ತಂಗಿಯ ಪಕ್ಕದಲ್ಲಿ ಕೂರುವಷ್ಟು ಮರ್ಯಾದೆಗೆಟ್ಟವನಲ್ಲ ಅವನು. ಏನಾದರೂ ಹೇಳಬೇಕೆಂದರೆ ಹೆಂಡತಿ ಸೆಲುವನ್ನು ಅಟ್ಟುತ್ತಿದ್ದ.

ಲಿಸಿಯಾತೆ ಎಸೆದ. ಗುಂಡು ಗೆರೆಗಿಂತ ಸಾಕಷ್ಟು ಈಚೆಗೇ ಬಿತ್ತು. ಮತ್ತೆ ಎಸೆದ, ಅಲ್ಲಿಗೇ ಬಿತ್ತು. ಆದರೂ ಅವನೇ ಮುಂದಿದ್ದ. ಸೊಸಾಯಾನದು ಮಾತ್ರ ವಿಚಿತ್ರ. ಗುಂಡು ಹತ್ತಿರ ಬಿದ್ದರೆ ಅಚ್ಚುಕಟ್ಟಾಗಿ ನಿಲ್ಲುತ್ತಿದ್ದ. ದೂರ ಹೋಗುತ್ತಿದೆ ಎಂದು ಕಂಡ ಕೂಡಲೇ ವೃತ್ತದ ಮುಂದಿನ ಮರದ ಪಟ್ಟಿಯ ಮೇಲೆ ಮೆಲ್ಲಗೆ ಕಾಲಿಟ್ಟುಬಿಡುತ್ತಿದ್ದ. ಕೆಂಪು ಬಾವುಟ ಏಳುತ್ತಿತ್ತು, ಎಸೆತ ಲೆಕ್ಕಕ್ಕಿಲ್ಲ.

ಜನ ಅಯ್ಯೋ ಎಂದು ಹಲುಬುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು. ಈ ಹುಡುಗ ನನ್ನ ಹಿತ್ತಲಿನಲ್ಲಿ ಅಭ್ಯಾಸ ಮಾಡುವವನು. ಅವನ ಗುಂಡು ನನ್ನ ಹಂದಿಗೂಡಿನ ತಗಡನ್ನು ಸೀಳಿ ಒಳಗೆ ಬಿದ್ದಿದೆ. ಅವನ ಕೈಯಿಂದ ಎಷ್ಟು ದೂರ ಹೋಗುತ್ತದೆಂದು ನನಗೂ ಗೊತ್ತು, ನನ್ನ ಹಂದಿಗೂ ಗೊತ್ತು. ದೊಡ್ಡಪ್ಪನ ಮಗನನ್ನು ಮೀರಬಾರದೆಂದು ಬೇಕೆಂದೇ ಹಾಳು ಮಾಡುತ್ತಿದ್ದ.

ಅಷ್ಟರಲ್ಲಿ ಸೆಲು ಬಂದಳು.

"ಮೆಲೆನೈಟೆ ಅಕ್ಕ, ಅವರು ತುಂಬಾ ಖುಷಿಯಾಗಿದಾರೆ. ಸೊಸಾಯಾ ಹಿರಿಯರಿಗೆ ಮರ್ಯಾದೆ ಕೊಡೋ ಹುಡುಗ ಅಂದ್ರು."

"ಮರ್ಯಾದೆಯಂತೆ ಮರ್ಯಾದೆ. ಹೀಗೇ ಆದ್ರೆ ಇಬ್ರೂ ಮನೇಲಿ ಕೂತು ಗೆಣಸು ತಿಂತಾರೆ, ಅಷ್ಟೆ. ಹೋಗಿ ಹೇಳು ನಿನ್ನ ಗಂಡನಿಗೆ."

"ಏನಂತ ಹೇಳ್ಲಿ?"

"ಕಣ್ಣು ಬಿಟ್ಕೊಂಡು ನೋಡ್ತಾ ಇರು ಅಂತ ಹೇಳು."

ಕೊನೆಯ ಸುತ್ತು. ಮುಂದಿರುವವನು ಕಟ್ಟಕಡೆಗೆ ಎಸೆಯುವುದು ಪದ್ಧತಿ, ಹಾಗಾಗಿ ಸೊಸಾಯಾನ ಸರದಿ ಮೊದಲು. ನಮ್ಮಲ್ಲಿ ಮರ್ಯಾದೆಗೆಂದು ಸೊಂಟಕ್ಕೆ ಸುತ್ತಿಕೊಳ್ಳುವ ಚಾಪೆಯನ್ನು ಬಿಗಿಮಾಡಿಕೊಂಡು ಬೇಲಿಯ ಹತ್ತಿರ ಹೋಗಿ ನಿಂತೆ. ಚರ್ಚಿನ ಗಾಯಕರನ್ನೆಲ್ಲ ಹದ್ದುಬಸ್ತಿನಲ್ಲಿಡುವ ಗಂಟಲು ನನ್ನದು.

"ಸೊಸಾಯಾ, ಬಾರೋ ಇಲ್ಲಿ."

ತಲೆ ತಗ್ಗಿಸಿಕೊಂಡು ಬಂದ.

"ಇಷ್ಟು ವರ್ಷದಲ್ಲಿ ನಿನ್ನ ಹತ್ರ ನಾನು ಏನಾದ್ರೂ ಕೇಳಿದೀನಾ?"

"ಹಂದಿ ಕೇಳಿದ್ರಿ. ರೇಡಿಯೋ ಕೇಳಿದ್ರಿ. ನನ್ನ ಮದುವೆಗೆ ಅಂತ ಅಮ್ಮ ಹೆಣೆದಿಟ್ಟ ಚಾಪೆ..."

"ಸಾಕು, ಬಾಯಿ ಮುಚ್ಚು. ಇವತ್ತು ಒಂದು ಎಸೆತ ಕೇಳ್ತಿದೀನಿ. ನಿನ್ನ ಹತ್ರ ಇರೋದ್ರಲ್ಲೇ ದೊಡ್ಡದು. ಪಟ್ಟಿ ತುಳಿದು ಕೆಡಿಸಿದ್ದು ಬೇಡ, ನೆಟ್ಟಗಿರೋದು ಬೇಕು."

ಅವನ ಮುಖ ಬಾಡಿತು. "ಅತ್ತೆ, ಲಿಸಿಯಾತೆ ಅಣ್ಣ ಇದಾನೆ."

"ಅಣ್ಣ ದೊಡ್ಡೋನಾ, ಅತ್ತೆ ದೊಡ್ಡೋಳಾ?"

ಈ ಪ್ರಶ್ನೆಗೆ ತೊಂಗಾದಲ್ಲಿ ಒಂದೇ ಉತ್ತರ. ಹಿಂದಿನ ಸಾಲಿನಿಂದ ಯಾರೋ ಕೂಗಿದರು, "ಕೊಟ್ಬಿಡೋ ಹುಡುಗಾ, ಇಲ್ಲಾಂದ್ರೆ ಮನೆ ಬಾಗಿಲೇ ಕಿತ್ಕೊಂಡು ಹೋಗ್ತಾಳೆ." ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಸೊಸಾಯಾ ವೃತ್ತದೊಳಗೆ ಹೋದ. ಕುತ್ತಿಗೆಗೆ ಗುಂಡು ಒತ್ತಿ ಹಿಡಿದು, ಬಗ್ಗಿ, ಸರ್ರನೆ ಜಾರಿ ಎಸೆದ. ಗುಂಡು ಗೆರೆಯಾಚೆ ಬಿದ್ದು ಹುಲ್ಲಿನೊಳಗೆ ಹೂತುಕೊಂಡಿತು. ನಾನು ಗುಂಡನ್ನು ಬಿಟ್ಟು ಅವನ ಕಾಲನ್ನೇ ನೋಡುತ್ತಿದ್ದೆ. ಕಾಲು ಪಟ್ಟಿಯ ಹಿಂದೆಯೇ ಇತ್ತು. ಬಿಳಿ ಬಾವುಟ ಎದ್ದಿತು. ಕ್ರೀಡಾಂಗಣಕ್ಕೆ ಕ್ರೀಡಾಂಗಣವೇ ಎದ್ದು ಹಾಡತೊಡಗಿತು.

ಇನ್ನು ಉಳಿದದ್ದು ಲಿಸಿಯಾತೆಯ ಎಸೆತವೊಂದೇ. ಅವನು ವೃತ್ತಕ್ಕೆ ಹೋಗದೆ ನೇರವಾಗಿ ಬೇಲಿಯ ಕಡೆಗೆ ನಡೆದುಬಂದ. ಅವನನ್ನು ಎತ್ತಿ ಆಡಿಸಿದವಳು ನಾನು. ಊರವರೆಲ್ಲರ ಮುಂದೆ ಅವನ ತಲೆ ತಗ್ಗಿಸಿದೆನೇ ಎಂದು ಹೆದರಿದೆ.

ಅವನು ನನ್ನೆದುರು ನಿಂತು ಕೇಳಿದ, "ಅತ್ತೆ, ನನ್ನ ಹತ್ರ ಏನೂ ಕೇಳಲ್ವಾ?"

ಬೇಲಿಯ ಮೇಲಿಂದ ಅವನ ಕೆನ್ನೆ ಸವರಿದೆ. ಆದರೂ ಅಧಿಕಾರ ಬಿಡಲಿಲ್ಲ. "ಕೇಳದೆ ಏನು? ನಿಂದೂ ಕೊಡು. ಇರೋದ್ರಲ್ಲೇ ದೊಡ್ಡದು."

ಲಿಸಿಯಾತೆ ಅಷ್ಟು ಸಿಟ್ಟಿನಿಂದ, ಅಷ್ಟು ಚೆಂದವಾಗಿ ಎಸೆದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಗುಂಡು ಗೆರೆಗೆ ಒಂದು ಗೇಣು ಈಚೆ ಬಿತ್ತು. ಅವನ ಜೀವಮಾನದಲ್ಲೇ ದೂರದ ಎಸೆತ, ಆದರೆ ಸೋತ ಎಸೆತ. ಒಂದು ಕ್ಷಣ ಆ ಗುಳಿಯನ್ನೇ ನೋಡುತ್ತ ನಿಂತ. ಆಮೇಲೆ ಗಹಗಹಿಸಿ ನಕ್ಕು ಸೊಸಾಯಾನನ್ನು ಮೂಟೆಯಂತೆ ಹೆಗಲ ಮೇಲೆ ಹೊತ್ತುಕೊಂಡ. ಆ ತುದಿಯಲ್ಲಿ ನಮ್ಮಣ್ಣ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದ. ಈ ಸಲ ಅವನು ಸೆಲುವನ್ನು ಕಳಿಸಲಿಲ್ಲ.

ಸಂಜೆ ಕೆಸುವಿನೆಲೆಯಲ್ಲಿ ಕಟ್ಟಿ ಬೇಯಿಸಿದ ಮಾಂಸದ ಊಟಕ್ಕೆ ಎಲ್ಲರೂ ನನ್ನ ಮನೆಯಲ್ಲಿ ಸೇರಿದರು. ತಂಡಕ್ಕೆ ಆಯ್ಕೆಯಾದ ಸೊಸಾಯಾ ಚಿನ್ನದ ಪದಕವನ್ನು ತಂದು ನನ್ನ ಮಡಿಲಿಗೆ ಹಾಕಿದ. ಕೈಯನ್ನು ಲಿಸಿಯಾತೆಯ ಕಡೆಗೆ ಚಾಚಿದೆ.

"ಎಲ್ಲೋ ಬೆಳ್ಳಿ?"

ಅವನು ಅಂಗಿಯ ಜೇಬಿನ ಮೇಲೆ ಕೈ ಇಟ್ಟುಕೊಂಡ. "ಇದನ್ನ ಕೊಡಲ್ಲ ಅತ್ತೆ."

ಸೆಲುವಿನ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು.

"ಯಾಕೋ?"

ಅವನು ಹೊಲಿಗೆ ಯಂತ್ರದ ಮೇಲಿನ ಗೋಡೆಯನ್ನು ತೋರಿಸಿದ. "ಅಲ್ಲಿರೋದೆಲ್ಲ ಇವನು ನನಗೆ ಬಿಟ್ಟುಕೊಟ್ಟಿದ್ದು. ಇದೊಂದು ನಾನೇ ಎಸೆದಿದ್ದು."

ಬೈಯಬೇಕೆಂದು ಬಾಯಿ ತೆರೆದವಳು ಗೋಡೆಯ ಕಡೆಗೊಮ್ಮೆ ನೋಡಿದೆ. ಎದ್ದು ಹೋಗಿ ಅವನ ಜೇಬಿನ ಗುಂಡಿಯನ್ನು ನಾನೇ ಹಾಕಿದೆ.