ಭಾಗ್ಯವಂತಿ ಕೇಳಿದ ಮಾತು

ಜಸ್ಮೀನ ಪ್ರತಿ ಗುರುವಾರ ಕಲಬುರಗಿಯಿಂದ ನರೋಣಾದ ಶಾಲೆಗೆ ಬರುತ್ತಿದ್ದಳು. ಮಕ್ಕಳ ಕಣ್ಣಿಗೆ ಅದು ಕುಣಿತದ ಕ್ಲಾಸು. ತಮ್ಮ ಮೈ ತಮ್ಮದು, ಬೇಡವಾದದ್ದಕ್ಕೆ ಬೇಡ ಎನ್ನಬಹುದು ಎಂಬುದನ್ನು ಕುಣಿಸುತ್ತಲೇ ಕಲಿಸುವುದು ಅವಳ ಕೆಲಸ.

ಆ ದಿನ ಒಬ್ಬರ ಕಡೆಗೆ ಇನ್ನೊಬ್ಬರು ಕುಣಿಯುತ್ತ ಬರಬೇಕಿತ್ತು. ಸಾಕೆನಿಸಿದವರು ಕಾಲು ಅಪ್ಪಳಿಸಿ, ಕೈ ಮುಂದೆ ಚಾಚಿ "ನಿಂದ್ರು" ಎನ್ನಬೇಕು. ಎಲ್ಲರೂ ನಗುತ್ತ ಕೂಗಿದರು. ನಾಲ್ಕನೇ ತರಗತಿಯ ಭಾಗ್ಯವಂತಿ ಮಾತ್ರ ಗೆಳತಿ ಹತ್ತಿರ ಬಂದಂತೆ ಗೋಡೆಗೆ ಸರಿದು ಕಣ್ಣು ಮುಚ್ಚಿ ನಿಂತಳು.

ಆಮೇಲೆ ಅವಳೇ ಬಂದು ಕೇಳಿದಳು: "ಟೀಚರ್, ದೊಡ್ಡವರಿಗೂ ಹಂಗ ಅನ್ನಬಹುದೇನ್ರಿ?"

"ಅನ್ನಬಹುದವ್ವ. ಯಾರಿಗೆ ಅನ್ನಬೇಕಾಗ್ಯಾದ?"

"ಮಾಮಾಗ. ಅವ್ವ ಹೊಲಕ್ಕ ಹೋದಾಗ ಬಾಗಿಲಾ ಹಾಕ್ತಾನ್ರಿ."

ಜಸ್ಮೀನ ಅವಳ ಮುಂದೆ ಕುಳಿತಳು. "ನನಗ ಹೇಳಿದ್ದು ಛಲೋ ಆತು. ನಿಂದೇನೂ ತಪ್ಪಿಲ್ಲ" ಎಂದಳು. ಹೆಚ್ಚು ಕೆದಕಲಿಲ್ಲ. ಹೆಡ್ ಮೇಡಂ ಶಿವಕಾಂತಾಗೆ ತಿಳಿಸಿ, ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದಳು. ಅಧಿಕಾರಿಗಳು ಬರುವವರೆಗೆ ಹುಡುಗಿಯನ್ನು ಮನೆಗೆ ಕಳಿಸಬೇಡಿ ಎಂದು ಅಲ್ಲಿಯವರು ಹೇಳಿದರು. ಶಿವಕಾಂತಾ ಅವಳ ತಾಯಿಗೆ ಹೇಳಿಕಳಿಸಿದರು.

ಶಾಲೆ ಬಿಟ್ಟರೂ ಯಾರೂ ಬರಲಿಲ್ಲ. ಗೇಟಿನ ಮುಂದೆ ಒಂದು ಬೈಕ್ ನಿಂತಿತು. ಅದರ ಮೇಲೆ ಹುಡುಗಿಯ ಸೋದರಮಾವ ಕಲ್ಲಿನಾಥ.

"ಹುಡುಗಿನ್ನ ಕಳಸ್ರಿ, ತಡ ಆಗಾಕತ್ತದ."

"ತಾಲೀಮು ಅದ. ಅವರವ್ವ ಬಂದ್ರ ಕಳಸ್ತೇನಿ."

ಜಸ್ಮೀನ ಗೇಟಿನ ಚಿಲಕ ಹಾಕಿದಳು. ಅವನು ಹೋಗಲಿಲ್ಲ. ಬೈಕಿನ ಮೇಲೆಯೇ ಕುಳಿತು ಕಿಟಕಿಗಳನ್ನು ಒಂದೊಂದಾಗಿ ನೋಡತೊಡಗಿದ.

ಅಷ್ಟರಲ್ಲಿ ತಾಯಿ ಸುಂದರಬಾಯಿ ಹೊಲದಿಂದ ಓಡಿಬಂದಳು. ಶಿವಕಾಂತಾ ಅವಳನ್ನು ಒಳಗೆ ಕೂರಿಸಿ ವಿಷಯ ಹೇಳಿದರು.

"ಅವ ನನ್ನ ಬೆನ್ನಿಗೆ ಬಿದ್ದ ತಮ್ಮರಿ," ಎಂದಳು. ಮಗಳ ಕೈ ಹಿಡಿದು ಎದ್ದು ಹೋಗಿಬಿಟ್ಟರೆ ಏನು ಮಾಡುವುದೆಂದು ಜಸ್ಮೀನ ಬಾಗಿಲಿಗೆ ಅಡ್ಡವಾಗಿ ನಿಂತಳು.

ಸುಂದರಬಾಯಿ ಮಗಳ ಮುಖ ಎತ್ತಿದಳು. "ಖರೇ ಏನವ್ವ?"

ಹುಡುಗಿ ಹೌದೆಂದು ತಲೆಯಾಡಿಸಿದಳು. ತಾಯಿ ಅವಳನ್ನು ಎದೆಗೆ ಒತ್ತಿಕೊಂಡಳು. ನಂತರ ಒಬ್ಬಳೇ ಗೇಟಿಗೆ ಹೋದಳು.

"ನನ್ನ ಮನಿ ಹೊಸ್ತಿಲಾ ಇನ್ನ ತುಳೀಬ್ಯಾಡ," ಎಂದಳು.

ಅವನು ಏನೋ ಗೊಣಗಿ ಬೈಕ್ ತಿರುಗಿಸಿದ. ಸಂಜೆ ಅಧಿಕಾರಿಗಳೂ ಪೊಲೀಸರೂ ಜೀಪಿನಲ್ಲಿ ಬರುವಷ್ಟರಲ್ಲಿ ಅವನು ಊರಲ್ಲಿರಲಿಲ್ಲ. ಅವರು ತಾಯಿಯ ದೂರು ಬರೆದುಕೊಂಡು ಅವನನ್ನು ಹುಡುಕಲು ಹೊರಟರು.

"ಅವ ತಿರುಗಿ ಬಂದ್ರ?" ಎಂದು ಸುಂದರಬಾಯಿ ಕೇಳಿದಳು. ಜಸ್ಮೀನ ಆ ರಾತ್ರಿ ಕಲಬುರಗಿಯ ಬಸ್ಸು ಹಿಡಿಯದೆ ಅವರ ಮನೆಯಲ್ಲೇ ಉಳಿದಳು. ಬೈಕಿನ ಸದ್ದಾದಾಗಲೆಲ್ಲ ಇಬ್ಬರೂ ಬಾಗಿಲ ಕಡೆ ನೋಡುತ್ತಿದ್ದರು.

ಮರುದಿನ ಅಫಜಲಪುರದಲ್ಲಿ ಅವನು ಪೊಲೀಸರಿಗೆ ಸಿಕ್ಕನೆಂದು ಸುದ್ದಿ ಬಂತು. ಸುಂದರಬಾಯಿ ಅಳಲಿಲ್ಲ. ಮಗಳನ್ನು ಮುಂದೆ ಕೂರಿಸಿಕೊಂಡು ತಲೆ ಬಾಚತೊಡಗಿದಳು.