ಹಗೇವಿನಿಂದ ಬಂದ ತಂಪು

ತಿಕೋಟಾದ ಹನಮವ್ವನ ನಡುಮನೆಯ ನೆಲದಡಿ ಹಳೆಯ ಹಗೇವು ಇದೆ. ಹಿಂದೆ ಜೋಳ ತುಂಬಿಡುತ್ತಿದ್ದ ಆಳವಾದ ಗುಂಡಿ, ಈಗ ಖಾಲಿ. ಬೇಸಿಗೆಯಲ್ಲಿ ಧೂಳು ಬರದಂತೆ ಕಿಟಕಿ ಮುಚ್ಚಿ, ಹಗೇವಿನ ಬಾಯಿಯ ಕಲ್ಲು ಸರಿಸಿದರೆ ತಣ್ಣನೆಯ ಗಾಳಿ ಮೇಲೆ ಬರುತ್ತದೆ. ಅದರ ಪಕ್ಕದಲ್ಲೇ ಗಂಡ ಭಾಗಪ್ಪ, ಆರು ವರ್ಷದ ಮೊಮ್ಮಗಳು ಗೀತಾಂಜಲಿ ಮಲಗುತ್ತಿದ್ದರು.

ಹನಮವ್ವನ ತಂಗಿಯ ಮಗಳು ಸುವರ್ಣಾ ವಿಜಯಪುರದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾಳೆ. ಒಂದು ಮಧ್ಯಾಹ್ನ ಬಂದವಳು ಇದನ್ನು ಕಂಡು ಬಾಗಿಲಲ್ಲೇ ನಿಂತಳು.

“ದೊಡ್ಡವ್ವ, ಮೊದಲ ಆ ಬಾಯಿ ಮುಚ್ಚ ಬೇ. ನೆಲದಾಗಿಂದ ರೇಡಾನ್ ಅನ್ನೂ ಅನಿಲ ಏಳತೈತಿ. ಮುಚ್ಚಿದ ಖೋಲ್ಯಾಗ ತುಂಬಕೋತೈತಿ. ವರ್ಷಾನುಗಟ್ಟಲೆ ಅದನ್ನ ಉಸಿರಾಡಿದವರಿಗೆ ಶ್ವಾಸಕೋಶದ ಕ್ಯಾನ್ಸರ್ ಬರಬಹುದು.”

ಹನಮವ್ವ ನಕ್ಕಳು. “ಕಲಿತವರಿಗೆ ಗಾಳಿ ಕಂಡ್ರೂ ಅಂಜಿಕಿ ನೋಡು. ಕಂದೀಲು ಇಳಿಸಿ ನೋಡೇವಿ, ಆರಲಿಲ್ಲ. ಕೆಟ್ಟ ಗಾಳಿ ಇದ್ರ ದೀಪ ಉಳೀತಿತ್ತೇನ?”

“ಇದಕ್ಕ ದೀಪ ಆರೂದಿಲ್ಲ. ವಾಸನಿ ಇಲ್ಲ, ಬಣ್ಣ ಇಲ್ಲ. ಯಂತ್ರ ಇಟ್ರಷ್ಟ ತಿಳೀತೈತಿ.”

ಭಾಗಪ್ಪ ಕೈಯಲ್ಲಿದ್ದ ಬೀಡಿ ಕೆಳಗಿಟ್ಟ. “ನಮ್ಮಣ್ಣ ಅಮೋಘಿ ಬೀಡಿ ಮುಟ್ಟಿದಾಂವಲ್ಲ. ಇಲ್ಲೇ ಮಲಗತಿದ್ದ. ಎದಿಯೊಳಗ ಗಡ್ಡಿ ಆಗಿ ಹೋದ. ಇದರಿಂದಾನ ಏನವ್ವ?”

“ಅದನ್ನ ಹೇಳಾಕ ಬರೂದಿಲ್ಲ, ದೊಡ್ಡಪ್ಪ. ಆದ್ರ ಬೀಡಿ ಸೇದವರಿಗೆ ಈ ಅನಿಲ ಇನ್ನಾ ಅಪಾಯ.”

ಆ ಕಪ್ಪು ಬಾಯಿಯ ಪಕ್ಕ ಗೀತಾಂಜಲಿ ನಿದ್ದೆ ಹೋಗಿದ್ದಳು. ಹನಮವ್ವ ಅವಳ ಉಸಿರನ್ನೇ ನೋಡುತ್ತ ಕೂತಳು. ಭಾಗಪ್ಪ ಎದ್ದು, ಮಗು ಎಚ್ಚರಾಗದಂತೆ ಕೌದಿಯ ಸಮೇತ ಎತ್ತಿ ಪಡಸಾಲೆಗೆ ಒಯ್ದ.

ಮರುವಾರ ಸುವರ್ಣಾ ಕಾಲೇಜಿನಿಂದ ಅಳೆಯುವ ಯಂತ್ರ ತಂದು, ಕಿಟಕಿ ಮುಚ್ಚಿದ ಆ ಕೋಣೆಯಲ್ಲಿ ಎಂಟು ದಿನ ಇಟ್ಟಳು. ಅಷ್ಟು ದಿನ ಯಾರೂ ಅಲ್ಲಿ ಮಲಗಲಿಲ್ಲ. ರೇಡಾನ್ ಸುರಕ್ಷಿತ ಮಿತಿಯ ಮೂರು ಪಟ್ಟು ಇತ್ತು.

“ಎಷ್ಟು ಬ್ಯಾಸಗಿ ಈ ಕೂಸನ್ನ ಇಲ್ಲಿ ನಾನ ಮಲಗಿಸೇನಿ,” ಎಂದಳು ಹನಮವ್ವ.

“ಗೊತ್ತಿರಲಿಲ್ಲ, ದೊಡ್ಡವ್ವ. ಇನ್ನ ಮ್ಯಾಲೆ ಆ ಅನಿಲ ಉಸಿರಾಡೂದು ಕಡಿಮಿ ಆದ್ರ ಅಪಾಯಾನೂ ಕಡಿಮಿ ಆಕ್ಕೈತಿ.”

ಹಗೇವಿನ ಬಾಯಿಗೆ ಕಲ್ಲು ಕೂರಿಸಿ ಸಿಮೆಂಟು ಹಾಕಿದರು. ನೆಲದ ಬಿರುಕು ತುಂಬಿದರು. ಎದುರುಬದುರು ಕಿಟಕಿ ತೆರೆದರು. “ಇನ್ನೊಮ್ಮೆ ಯಂತ್ರ ಇಡು, ನನಗ ಧೈರ್ಯ ಆಗವಲ್ದು,” ಎಂದವಳೂ ಹನಮವ್ವನೇ. ಈ ಸಲ ಅಳತೆ ಮಿತಿಯೊಳಗೆ ಬಂತು. ಭಾಗಪ್ಪ ಬೀಡಿ ಬಿಡುವ ಬಗ್ಗೆ ಸಲಹೆ ಕೇಳಲು ಆಸ್ಪತ್ರೆಗೆ ಹೋಗಿದ್ದಾನೆ.

ಓದುವ ತಾಯಂದಿರೇ, ಅಣ್ಣಂದಿರೇ, ಈ ಅನಿಲ ಕಣ್ಣಿಗೆ ಕಾಣುವುದಿಲ್ಲ. ಕೆಮ್ಮು ಬರಲಿ ಎಂದು ಕಾಯಬೇಡಿ. ನೆಲಮಾಳಿಗೆ, ಹಗೇವು, ಬಿರುಕು ಬಿಟ್ಟ ನೆಲ ಇದ್ದರೆ ಮುಚ್ಚಿಸಿ, ಗಾಳಿ ಆಡಲು ಬಿಡಿ, ಮನೆಯೊಳಗೆ ಬೀಡಿ ಸೇದಬೇಡಿ. ಅಳೆಯುವ ಯಂತ್ರಕ್ಕಾಗಿ ಹತ್ತಿರದ ವಿಜ್ಞಾನ ಕಾಲೇಜಿನಲ್ಲಿ ವಿಚಾರಿಸಿ. ನಿಮ್ಮ ಮಕ್ಕಳು ಎಂಥ ಕೋಣೆಯಲ್ಲಿ ಮಲಗುತ್ತಾರೆ, ಇವತ್ತೇ ಹೋಗಿ ನೋಡಿ.